ಗೆದ್ದಾಕಿ ಬರೆದ ಅರ್ಜಿ

ಆಳಂದ ಕಡೆಯ ನಿಂಬರ್ಗಾ ಊರಿನ ಖಂಡಪ್ಪನ ಮನೆಯಲ್ಲಿ ಅವತ್ತು ಗೋಧಿ ಹುಗ್ಗಿ ಮಾಡಿದ್ದರು. ಮಗಳು ಭಾಗ್ಯಾ ರಾಜ್ಯಮಟ್ಟದ ಆಯ್ಕೆ ಕೂಟದಲ್ಲಿ ಎಂಟುನೂರು ಮೀಟರ್ ಓಟ ಗೆದ್ದು ಬಂದಿದ್ದಳು. ಸತತ ಮೂರನೇ ವರ್ಷ ಆಕೆಯೇ ಚಾಂಪಿಯನ್. ಈ ಸಲ ಮೊದಲು ಬಂದವರಿಗೆ ರಾಷ್ಟ್ರಮಟ್ಟದ ಕೂಟಕ್ಕೆ ಹೋಗುವ ಅವಕಾಶವಿತ್ತು. ಅಲ್ಲಿ ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಗಬಹುದೆಂಬ ಆಸೆ ಮನೆಯವರಿಗೆಲ್ಲ ಇತ್ತು. ಓಣಿಯ ಜನ ಬಂದು ಮಾತಾಡಿಸಿ ಹೋಗುತ್ತಿದ್ದರು. ಭಾಗ್ಯಾ ಮಾತ್ರ ತಾಟು ಮುಂದಿಟ್ಟುಕೊಂಡು ತುತ್ತು ಮುಟ್ಟದೆ ಕೂತಿದ್ದಳು.

"ಯಾಕ ಬೇ, ಆರಾಮ ಇಲ್ಲೇನು?" ಎಂದು ತಾಯಿ ಶಿವಕಾಂತಾ ಕೇಳಿದಳು.

"ಆರಾಮ ಇದ್ದೇನಿ ಅವ್ವ. ಆದ್ರ ಈ ಪದಕ ನಂದಲ್ಲ. ವಾಪಸ್ ಕಳಸ್ತೇನಿ."

ಖಂಡಪ್ಪ ಬಾಯಿಗೆ ಒಯ್ದ ತುತ್ತನ್ನು ತಾಟಿಗೇ ಇಟ್ಟ. "ಏನು ಮಾತಾಡಾಕತ್ತಿ ನೀನು?"

ಭಾಗ್ಯಾ ನಡೆದದ್ದನ್ನು ಹೇಳಿದಳು.

ಆ ಓಟದಲ್ಲಿ ಆಕೆಯನ್ನು ಹಿಂದೆ ಹಾಕಬಲ್ಲವಳು ಒಬ್ಬಳೇ ಇದ್ದಳು. ಹೆಸರು ಶೇವಂತಿ ಸಿದ್ದಿ. ಯಲ್ಲಾಪುರದ ಕಡೆಯ ಕಾಡಂಚಿನ ಊರಿನವಳು. ಸಿದ್ದಿ ಜನರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ದುಡಿದು, ಇಲ್ಲಿಯೇ ಮಣ್ಣಾದ ತಲೆಮಾರುಗಳು ಎಷ್ಟೋ. ಶೇವಂತಿಯ ಬಣ್ಣ ಕಪ್ಪು, ಕೂದಲು ಗುಂಗುರು, ಮಾತು ಕನ್ನಡ. ಹಿಂದಿನ ದಿನದ ಅರ್ಹತಾ ಓಟದಲ್ಲಿ ಆಕೆ ಭಾಗ್ಯಾಳಿಗಿಂತ ಮೊದಲು ಗೆರೆ ಮುಟ್ಟಿದ್ದಳು. ಆಮೇಲೆ ಇಬ್ಬರೂ ನಳದ ಹತ್ತಿರ ಕೂತು ಬೂಟಿನ ಮಣ್ಣು ತೊಳೆದಿದ್ದರು.

"ನಾಳಿಗಿ ನಿನ್ನ ಬಿಡೂದಿಲ್ಲ," ಎಂದಿದ್ದಳು ಭಾಗ್ಯಾ.

"ಹಿಡಿ ನೋಡುವ," ಎಂದು ಶೇವಂತಿ ನಕ್ಕಿದ್ದಳು.

ಮರುದಿನ ಕೊನೆಯ ಓಟಕ್ಕೆ ಎಲ್ಲರೂ ಗೆರೆಯ ಹತ್ತಿರ ಬಂದಾಗ ಒಬ್ಬ ಅಧಿಕಾರಿ ಶೇವಂತಿಯನ್ನು ಹೊರಗೆ ಕರೆದ. ಆಕೆ ನಮ್ಮ ದೇಶದವಳಲ್ಲ ಎಂದು ದೂರು ಬಂದಿದೆ ಎಂದ. ಶೇವಂತಿ ಆಧಾರ್ ಕಾರ್ಡು ತೋರಿಸಿದಳು, ಶಾಲೆಯ ಅಂಕಪಟ್ಟಿ ತೋರಿಸಿದಳು, ಜಾತಿ ಪ್ರಮಾಣಪತ್ರವನ್ನೂ ಕೊಟ್ಟಳು. ಎಲ್ಲವನ್ನೂ ಪರಿಶೀಲಿಸಬೇಕು ಎಂದು ಆತ ಕೈಯಲ್ಲೇ ಹಿಡಿದುಕೊಂಡ. ಉಳಿದ ಏಳು ಹುಡುಗಿಯರ ಕಾಗದವನ್ನು ಯಾರೂ ಕೇಳಲಿಲ್ಲ. ನೋಡುವವರ ಸಾಲಿನಲ್ಲಿ ಯಾರೋ ಮಂಗನ ಹಾಗೆ ಕೂಗಿದರು. ನಾಲ್ಕು ಜನ ನಕ್ಕರು. ಶೇವಂತಿಯನ್ನು ಹಗ್ಗದ ಆಚೆ ನಿಲ್ಲಿಸಿದರು. ಅಷ್ಟರಲ್ಲಿ ಓಟ ಶುರುವಾಯಿತು.

"ನಾ ಓಡಿದೆ ಅಪ್ಪಾ," ಎಂದಳು ಭಾಗ್ಯಾ. "ಅಕಿ ಆಚಿ ನಿಂತದ್ದು ನನಗ ಕಂಡಿತ್ತು. ನಾನೂ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎರಡು ಸುತ್ತು ಮುಗಿಯೂ ತನಕ ಗೆಲ್ಲೂದೊಂದೇ ತಲ್ಯಾಗ ಇತ್ತು. ಪದಕ ಕೊಳ್ಳಾಗ ಹಾಕಿದ ಮ್ಯಾಲೆ ಹೊಳ್ಳಿ ನೋಡಿದೆ. ಅಕಿ ಇನ್ನೂ ಅಲ್ಲೇ ನಿಂತಿದ್ದಳು."

ದೂರು ಕೊಟ್ಟವರು ಯಾರೆಂದು ತಿಳಿದದ್ದು ವಾಪಸ್ ಬರುವ ಬಸ್ಸಿನಲ್ಲಿ. ಭಾಗ್ಯಾಳ ತರಬೇತುದಾರ ಹಣಮಂತರಾಯ ಮಾಸ್ತರೇ ಅದನ್ನು ಹೇಳಿದ್ದರು. ಆರು ವರ್ಷ ಓಟ ಕಲಿಸಿದವರು. ಬರಿಗಾಲಲ್ಲಿ ಓಡುತ್ತಿದ್ದ ಹುಡುಗಿಗೆ ಮೊದಲ ಬೂಟು ತಂದುಕೊಟ್ಟವರು.

"ನಿನ್ನ ಸಲುವಾಗೇ ಮಾಡೇನಿ," ಎಂದಿದ್ದರು ಮಾಸ್ತರು. "ಅವರ ಮೈಕಟ್ಟೇ ಬ್ಯಾರೆ. ಅಂಥವರ ಜೋಡಿ ನಮ್ಮ ಹುಡುಗ್ಯಾರು ಹ್ಯಾಂಗ ಗೆಲ್ಲಬೇಕು? ಸುಮ್ನಿರು. ನಾಕು ದಿನ ಹೋದ್ರ ಯಾರೂ ನೆನಸೂದಿಲ್ಲ."

ಖಂಡಪ್ಪ ಎಲ್ಲವನ್ನೂ ಕೇಳಿ ತಾಟು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ.

"ಮಾಸ್ತರ ಮಾಡಿದ್ದು ಗಲತ್ ಅದ. ನಾ ಇಲ್ಲ ಅನ್ನೂದಿಲ್ಲ. ಆದ್ರ ನೀ ಏನು ತಪ್ಪು ಮಾಡೀದಿ? ನೀ ಬಿಟ್ಟರ ಎರಡನೇದಾಕಿ ಹೋಗ್ತಾಳ. ಆ ಹುಡುಗಿಗೇನು ಸಿಗ್ತದ? ಯಾವ ಊರು, ಯಾವ ಮಂದಿ. ಅವರ ಸಲುವಾಗಿ ನಿನ್ನ ನೌಕರಿ ಹಾಳು ಮಾಡ್ಕೋತಿಯೇನು?"

ಅದೇ ಹೊತ್ತಿಗೆ ಪಕ್ಕದ ಮನೆಯ ಖುರ್ಷಿದಬೇಗಂ ಒಳಗೆ ಬಂದರು. ಅವರು ಊರಿನ ಅಂಗನವಾಡಿ ಟೀಚರ್. ಭಾಗ್ಯಾಳಿಗೆ ಅಕ್ಷರ ಕಲಿಸಿದವರು. ಜಗಳದ ಕಾರಣ ಕೇಳಿಕೊಂಡು ಅಲ್ಲೇ ಕೂತರು.

"ಖಂಡಪ್ಪಣ್ಣ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದರು. "ನೀವೂ ನಮ್ಮ ಮನಿಯವರೂ ಪುಣೆದಾಗ ದುಡೀತಿದ್ದಾಗ ಏನಾತು ಅಂತ ಭಾಗ್ಯಾಗ ಹೇಳೀರೇನು?"

ಖಂಡಪ್ಪ ತಲೆ ತಗ್ಗಿಸಿದ. ಇಪ್ಪತ್ತು ವರ್ಷ ಮಗಳಿಗೆ ಹೇಳದ ಮಾತು ಅದು. ಪುಣೆಯಲ್ಲಿ ಒಂದು ಕಟ್ಟಡದ ಕೆಲಸದಲ್ಲಿದ್ದಾಗ ಗುತ್ತಿಗೆದಾರನ ಗಡಿಯಾರ ಕಾಣೆಯಾಯಿತು. ಆತ ಬೇರೆ ಯಾರನ್ನೂ ಕೇಳಲಿಲ್ಲ. ನಮ್ಮ ಕಡೆಯಿಂದ ಹೋದ ಕೂಲಿಗಳನ್ನಷ್ಟೇ ರಸ್ತೆಯಲ್ಲಿ ಸಾಲಾಗಿ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಗಂಟುಗಳನ್ನು ಬಿಚ್ಚಿ ಕೊಡವಿಸಿದ. ಸಂಜೆಗೆ ಗಡಿಯಾರ ಆತನ ಗಾಡಿಯಲ್ಲೇ ಸಿಕ್ಕಿತು.

"ನೂರು ಮಂದಿ ನೋಡಾಕತ್ತಿದ್ರು," ಎಂದ ಖಂಡಪ್ಪ. "ಇವರು ಕಳ್ಳರಲ್ಲ ಅಂತ ಒಬ್ಬಾಂವ ಅಂದಿದ್ರ ಸಾಕಿತ್ತು. ಯಾರೂ ಅನ್ನಲಿಲ್ಲ."

"ಅವರೂ ಹಿಂಗೇ ಅಂದ್ಕೊಂಡಿರಬೇಕು. ಯಾವ ಊರು, ಯಾವ ಮಂದಿ ಅಂತ," ಎಂದರು ಟೀಚರ್.

ಭಾಗ್ಯಾ ತಂದೆಯ ಹತ್ತಿರ ಸರಿದು ಕೂತಳು.

"ಅಪ್ಪಾ, ನಾ ಬಿಟ್ಟರ ಅಕಿಗೆ ಜಾಗ ಸಿಗೂದಿಲ್ಲ, ಖರೇ. ಆದ್ರ ಸೋತವರು ಹೇಳಿದ್ರ ಹೊಟ್ಟಿಕಿಚ್ಚು ಅಂತಾರ. ಹೊರಗ ಹಾಕಿಸ್ಕೊಂಡಾಕಿ ಹೇಳಿದ್ರ ಸುಳ್ಳು ಅಂತಾರ. ಗೆದ್ದಾಕಿ ಹೇಳಿದ್ರ ಕೇಳಬೇಕಾಗ್ತದ. ಅದಕ್ಕ ನಾನೇ ಹೇಳಬೇಕು."

"ಕಾಯ್ದೆನೂ ಅದ," ಎಂದರು ಟೀಚರ್. "ಸಿದ್ದಿ ಮಂದಿ ಪರಿಶಿಷ್ಟ ಪಂಗಡದವರು. ಮಂದಿ ಮುಂದ ಬೇಕಂತ ಅವಮಾನ ಮಾಡಿದ್ರ ಅದು ಅಪರಾಧ. ಆದ್ರ ಮೊದಲು ಆ ಹುಡುಗಿನ್ನ ಕೇಳು. ಮರ್ಯಾದಿ ಹೋದದ್ದು ಅಕಿದು. ಅಕಿನ್ನ ಬಿಟ್ಟು ನಾವು ಮುಂದ ಹೋಗಬಾರದು."

ಭಾಗ್ಯಾ ಅಲ್ಲಿಂದಲೇ ಫೋನು ಹಚ್ಚಿದಳು. ಶೇವಂತಿ ಎಲ್ಲ ಕೇಳಿಸಿಕೊಂಡಳು.

"ನೀನು ಓಡಿದ್ದಕ್ಕೆ ನಂಗೆ ಸಿಟ್ಟು ಬಂದಿತ್ತು," ಎಂದಳು ಶೇವಂತಿ. "ಈಗಲೂ ಪೂರ್ತಿ ಹೋಗಲಿಲ್ಲ. ಆದ್ರೆ ಬರಿ. ನಾನೂ ಬರೀತೇನೆ."

ಮರುದಿನ ಬೆಳಿಗ್ಗೆ ಭಾಗ್ಯಾ ಅಂಗಳದ ಕಟ್ಟೆಯ ಮೇಲೆ ಕೂತು ಕೂಟ ನಡೆಸಿದ ಸಂಘಕ್ಕೆ ಅರ್ಜಿ ಬರೆದಳು. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನು ಹೇಳಿದರು, ಯಾರು ನೋಡಿದರು ಎಂದು ಒಂದೊಂದಾಗಿ ಬರೆದು ಗಟ್ಟಿಯಾಗಿ ಓದಿದಳು. "ಹುಟ್ಟು ನೋಡಿ ಮನುಷ್ಯರನ್ನು ದೂರ ನಿಲ್ಲಿಸುವುದು ತಪ್ಪು" ಎಂದು ಓದುವಾಗ ಆಕೆಯ ದನಿ ನಿಂತಿತು.

ಅಂಗಳದ ಬಾಗಿಲ ಹತ್ತಿರ ಸಾಬಮ್ಮ ನಿಂತಿದ್ದಳು. ಹತ್ತು ವರ್ಷದಿಂದ ಖಂಡಪ್ಪನ ತೊಗರಿ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ದಲಿತ ಕೇರಿಯ ಹೆಂಗಸು. ನೀರು ಕೇಳಿದ್ದಳು. ಶಿವಕಾಂತಾ ರೂಢಿಯಂತೆ ಚೊಂಬು ಮೇಲೆತ್ತಿ, ತಾಗದ ಹಾಗೆ, ಆಕೆಯ ಬೊಗಸೆಗೆ ನೀರು ಸುರಿಯುತ್ತಿದ್ದಳು.

ಮಗಳು ನೋಡುತ್ತಿದ್ದುದು ಶಿವಕಾಂತಾಳಿಗೆ ಗೊತ್ತಾಯಿತು. ಚೊಂಬು ಕೆಳಗಿಟ್ಟಳು. ಶಿವಕಾಂತಾಳೇ ಬಾಯಿ ಬಿಟ್ಟಳು.

"ಅಲ್ಲಿ ಅವರು ಮಾಡಿದ್ದೂ ಇಲ್ಲಿ ನಾ ಮಾಡಾಕತ್ತಿದ್ದೂ ಎರಡೂ ಒಂದೇ. ಸಾಬಮ್ಮ, ಒಳಗ ಬಾ. ಕೂತು ಕುಡಿ."

ಸಾಬಮ್ಮ ಕದಲಲಿಲ್ಲ. "ಇವತ್ತು ಕರೀತೀರಿ. ನಾಳಿಗಿ ಓಣಿ ಮಂದಿ ಏನಾರ ಅಂದ್ರ ಮತ್ತ ಹೊರಗ ನಿಲ್ಲಿಸ್ತೀರೇನ್ರಿ?"

"ನಿಲ್ಲಿಸೂದಿಲ್ಲ."

"ನೋಡೋಣು," ಎಂದು ಸಾಬಮ್ಮ ಒಳಗೆ ಬಂದಳು. ಮನೆಯವರು ಕುಡಿಯುವ ಗ್ಲಾಸಿನಲ್ಲಿ ಶಿವಕಾಂತಾ ನೀರು ಕೊಟ್ಟಳು. ಸಾಬಮ್ಮ ಕುಡಿದು, ಇನ್ನೊಂದು ಗ್ಲಾಸು ಕೇಳಿ ಕುಡಿದಳು. "ಹತ್ತು ವರ್ಷ ಬೇಕಾತಲ್ಲರೀ," ಎಂದಳು.

ಖಂಡಪ್ಪ ಒಳಗಿನಿಂದ ಅಂಗಿ ಹಾಕಿಕೊಂಡು ಬಂದ. ಮಗಳ ಕೈಯಿಂದ ಅರ್ಜಿ ಮತ್ತು ಪದಕ ತೆಗೆದುಕೊಂಡ.

"ಆಳಂದಕ್ಕ ಹೋಗಿ ರಜಿಸ್ಟರ್ ಟಪಾಲು ಮಾಡಿ ಬರ್ತೇನಿ. ಇದರದೊಂದು ನಕಲು ಮಾಡಿ ಇಟ್ಟೀಯೇನು?"

"ಇಟ್ಟೇನಿ ಅಪ್ಪಾ."

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಕೂಟ ನಡೆಸಿದ ಸಂಘದವರು ಶಿಸ್ತು ಮೀರಿದಳೆಂದು ಭಾಗ್ಯಾಳನ್ನು ಒಂದು ವರ್ಷ ಹೊರಗಿಟ್ಟರು. ಎರಡನೆಯವಳು ರಾಷ್ಟ್ರಮಟ್ಟಕ್ಕೆ ಹೋದಳು. ಹಣಮಂತರಾಯ ಮಾಸ್ತರು ಮಾತು ಬಿಟ್ಟರು. ಭಾಗ್ಯಾಳಿಗೆ ಅದರಿಂದಲೇ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ಕೈಗೆ ಬಂದ ನೌಕರಿ ಒದ್ದಳು ಎಂದು ಊರಲ್ಲಿ ಆಡಿಕೊಂಡರು. ಆಕೆ ಬೆಳಿಗ್ಗೆ ಐದಕ್ಕೆ ಎದ್ದು ಹೊಲದ ದಾರಿಯಲ್ಲಿ ಓಡುವುದನ್ನು ಮಾತ್ರ ಬಿಡಲಿಲ್ಲ.

ಆದರೆ ಗೆದ್ದವಳೇ ಬರೆದ ಅರ್ಜಿಯನ್ನು ಮೂಲೆಗೆ ಎಸೆಯಲು ಯಾರಿಗೂ ಆಗಲಿಲ್ಲ. ಶೇವಂತಿಯ ದೂರೂ ಅದರ ಜೊತೆಗಿತ್ತು. ಐದು ತಿಂಗಳಿಗೆ ವಿಚಾರಣೆ ಮುಗಿಯಿತು. ಶೇವಂತಿಯ ಕಾಗದಗಳೆಲ್ಲ ಸರಿ ಇದ್ದವು ಎಂದು ಸಂಘದವರು ಬರವಣಿಗೆಯಲ್ಲಿ ಒಪ್ಪಿಕೊಂಡರು. ಆ ಅಧಿಕಾರಿಯನ್ನು ಕೂಟದ ಕೆಲಸದಿಂದ ತೆಗೆದರು. ಮಾಸ್ತರಿಗೆ ಎರಡು ವರ್ಷ ತಂಡ ಕರೆತರದಂತೆ ತಡೆ ಹಾಕಿದರು. ಕಾಗದ ನೋಡುವುದಾದರೆ ಎಲ್ಲರದನ್ನೂ ನೋಡಬೇಕು, ಓಟದ ಹಿಂದಿನ ದಿನವೇ ನೋಡಬೇಕು ಎಂದು ನಿಯಮ ಮಾಡಿದರು.

ಭಾಗ್ಯಾಳ ಒಂದು ವರ್ಷದ ತಡೆ ಮುಗಿದ ಮೇಲೆ ನಡೆದ ಕೂಟದಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ನಿಂತರು. ಖಂಡಪ್ಪ ಮೊದಲ ಸಲ ಮಗಳ ಓಟ ನೋಡಲು ಹೋಗಿದ್ದ. ಕೊನೆಯ ತಿರುವಿನಲ್ಲಿ ಶೇವಂತಿ ಮುಂದೆ ಹೋದಳು. ಭಾಗ್ಯಾ ಇದ್ದ ಶಕ್ತಿಯನ್ನೆಲ್ಲ ಹಾಕಿ ಬೆನ್ನು ಹತ್ತಿದಳು, ಆದರೆ ಹಿಡಿಯಲಾಗಲಿಲ್ಲ. ಎರಡನೆಯವಳಾದಳು. ರಾಷ್ಟ್ರಮಟ್ಟಕ್ಕೆ ಶೇವಂತಿ ಹೋದಳು. ಭಾಗ್ಯಾಳಿಗೆ ಆ ಅವಕಾಶ ಮತ್ತೆ ಬರಲಿಲ್ಲ.

ಮೈದಾನದ ಹೊರಗೆ ಖಂಡಪ್ಪ ಮಗಳಿಗೆ ನೀರಿನ ಬಾಟಲಿ ಕೊಟ್ಟ.

"ಬ್ಯಾಸರ ಆತೇನು?"

"ಆತು ಅಪ್ಪಾ. ಸೋತ್ರ ಬ್ಯಾಸರ ಆಗ್ತದ. ಆದ್ರ ಇವತ್ತು ಊಟ ಸೇರ್ತದ."

ಈ ಕಥೆ ಕೇಳಲು ಸೇರಿದ ಅಕ್ಕಂದಿರೇ, ಅಣ್ಣಂದಿರೇ, ಭಾಗ್ಯಾಳಿಗೆ ನೌಕರಿ ಇನ್ನೂ ಸಿಕ್ಕಿಲ್ಲ. ಊರಿನ ಹತ್ತು ಹುಡುಗಿಯರಿಗೆ ಆಕೆ ಓಟ ಕಲಿಸುತ್ತಿದ್ದಾಳೆ. ಅವರಲ್ಲಿ ಸಾಬಮ್ಮನ ಮಗಳೂ ಇದ್ದಾಳೆ. ನ್ಯಾಯದ ಪರ ನಿಂತರೆ ನಷ್ಟವೇ ಆಗುವುದಿಲ್ಲ ಎಂದು ನಾವು ನಿಮಗೆ ಸುಳ್ಳು ಹೇಳುವುದಿಲ್ಲ. ನಷ್ಟ ಆಗಬಹುದು. ಆದರೂ ನಿಲ್ಲಿರಿ.

ನಿಮ್ಮ ಮುಂದೆ ಯಾರನ್ನಾದರೂ ಬಣ್ಣ, ಜಾತಿ, ಊರು ನೋಡಿ ಅವಮಾನ ಮಾಡಿದರೆ ನಗಬೇಡಿ, ಸುಮ್ಮನೆಯೂ ಇರಬೇಡಿ. ಇದು ತಪ್ಪು ಎಂದು ಅಲ್ಲೇ ಹೇಳಿ. ನೊಂದವರನ್ನು ಕೇಳಿ, ಅವರ ಜೊತೆ ಕೂತು ದಿನ, ಹೊತ್ತು, ನೋಡಿದವರ ಹೆಸರು ಬರೆದಿಡಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಮೇಲೆ ದೌರ್ಜನ್ಯ ನಡೆದರೆ 14566ಕ್ಕೆ ಫೋನು ಮಾಡಿ. ಇದು ಹಗಲು ರಾತ್ರಿ ಇರುವ ಉಚಿತ ಸಹಾಯವಾಣಿ. ಇವತ್ತು ಈ ಸಭೆ ಮುಗಿಸಿ ಮನೆಗೆ ಹೋದ ಮೇಲೆ, ನಿಮ್ಮ ಹೊಸ್ತಿಲ ಹೊರಗೆ ಯಾರನ್ನು ನಿಲ್ಲಿಸಿದ್ದೀರಿ ಎಂದು ಒಮ್ಮೆ ನೋಡಿ. ಅವರನ್ನು ನೀವೇ ಹೋಗಿ ಕರೆಯಿರಿ.