ಪುಸ್ತಕಕ್ಕೆ ಬಾರದ ಹಿಟ್ಟು

ಗ್ರಾಮ ಭೂಸಮಿತಿಯ ಅಧ್ಯಕ್ಷ ಚಿಲೋಂಗಾನಿ ಪುಸ್ತಕದ ನೂರ ಹದಿನಾಲ್ಕನೇ ಪುಟವನ್ನು ಎರಡು ಸಲ ಓದಿದ. ಆನೆಹುಣಸೆ ಮರದ ಕೆಳಗೆ ಕೂತಿದ್ದ ನಲವತ್ತು ಜನ ಎರಡು ಸಲವೂ ಕಿವಿಗೊಟ್ಟು ಕೇಳಿದರು.

"'ಹೊಳೆದಂಡೆಯ ಈ ಹೊಲ ತಮ್ಮದಾಗಿತ್ತು, ಗೊಗೊ ಜನ ಅದನ್ನು ಕದ್ದರು ಎಂದು ಹೆಹೆ ಜನರ ಹಿರಿಯ ಕಾಲಿಂಗಾ ಹೇಳಿದ.' ಇಷ್ಟೇ ಇರೋದು. ಬರೆದೋರು ಇಲ್ಲೇ ಕೂತಿದಾರೆ."

ಬರೆದವರು ಪ್ರೊಫೆಸರ್ ಐಕಾಂಡೆ ಮ್ಲೇ. ಮೂವತ್ತೆರಡು ವರ್ಷದ ಹಿಂದೆ ಈ ಊರಲ್ಲಿ ಒಂದು ವರ್ಷವಿದ್ದು, ಹಳ್ಳಿಗರ ಬದುಕು ಮತ್ತು ಆಡಳಿತದ ಮೇಲೆ ಬರೆದ ಆ ಪುಸ್ತಕ ಅವರಿಗೆ ಡಾಕ್ಟರೇಟ್ ತಂದಿತ್ತು, ಆಮೇಲೆ ಹುದ್ದೆ, ಹೆಸರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು.

ಹೊಲದಲ್ಲಿ ಈಗ ಈರುಳ್ಳಿ ಬೆಳೆಯುತ್ತಿರುವವಳು ಗೊಗೊ ಬುಡಕಟ್ಟಿನ ವಿಧವೆ ನ್ಯೇಮೊ. ಅದು ತನ್ನದೆಂದು ಅರ್ಜಿ ಹಾಕಿದವನು ಹೆಹೆ ಬುಡಕಟ್ಟಿನ, ತೀರಿಹೋದ ಕಾಲಿಂಗಾನ ಸೋದರಳಿಯ ಎಂಗಾಯಾ. ಇವತ್ತು ಹಕ್ಕುಪತ್ರದಲ್ಲಿ ಇಬ್ಬರಲ್ಲಿ ಒಬ್ಬರ ಹೆಸರು ಬೀಳಬೇಕು.

"ಅವತ್ತು ಕಾಲಿಂಗಾ ಗೇಲಿಗೆ ಅಂದಿದ್ದು ಕಣಪ್ಪಾ," ಎಂದಳು ನ್ಯೇಮೊ.

"ನೀನು ಅನ್ನೋದು ಬಾಯಿ ಮಾತು. ಇದು ಅಚ್ಚಾಗಿರೋದು," ಎಂದ ಎಂಗಾಯಾ.

ನ್ಯೇಮೊ ಐಕಾಂಡೆಯವರ ಕಡೆ ತಿರುಗಿದಳು. "ಮೇಷ್ಟ್ರಮ್ಮ, ನಮ್ಮತ್ತೆ ಕೈಯಿಂದ ಒಂದು ವರ್ಷ ಸಜ್ಜೆ ಮುದ್ದೆ ತಿಂದ್ರಲ್ಲ. ಉಂಡ ಮನೆ ಬಗ್ಗೆ ಹಿಂಗಾ ಬರೆಯೋದು?"

ಹಿರಿಯ ಹೇಳಿದ್ದನ್ನೇ ಬರೆದೆ ಎಂದರೆ ಅದು ಸುಳ್ಳಾಗುತ್ತಿರಲಿಲ್ಲ. ಐಕಾಂಡೆ ದಾರಿಯುದ್ದಕ್ಕೂ ಆ ವಾಕ್ಯವನ್ನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡೇ ಬಂದಿದ್ದರು. ಆದರೆ ಸಮಿತಿಯ ಪತ್ರ ಬಂದ ದಿನವೇ ಟ್ರಂಕಿನಿಂದ ಹಳೆಯ ನೋಟುಪುಸ್ತಕವನ್ನೂ ತೆಗೆದಿದ್ದರು. ಅದನ್ನು ಬೇರೆ ಯಾರೂ ಓದಿರಲಿಲ್ಲ. ಈಗ ಚೀಲದಿಂದ ಅದನ್ನೇ ಹೊರತೆಗೆದರು.

"ಆಗಸ್ಟ್ ಒಂಬತ್ತು," ಎಂದು ಓದತೊಡಗಿದರು. "ನ್ಯೇಮೊಳ ಮಾವನ ಸಾವಿನ ಮನೆ. ಗೇಲಿ ನಂಟರಾದ, ಅಂದರೆ ಸಾವಿನ ಮನೆಯಲ್ಲೂ ಬೈದು ನಗಿಸುವ ಹಕ್ಕಿರುವ ಹೆಹೆ ಜನ ಗುಂಡಿ ತೋಡಲು ಬಂದರು. ಕಾಲಿಂಗಾ ಹೊಲದ ನಡುವೆ ನಿಂತು, 'ಈ ಭಿಕ್ಷುಕ ನಮ್ಮ ಹೊಲ ಕದ್ದು ಸತ್ತ, ಎದ್ದು ವಾಪಸ್ ಕೊಡೋ' ಎಂದು ಕೂಗಿದ. ಹೆಂಗಸರು ಅವನ ಬಾಯಿಗೆ ಸಜ್ಜೆ ಹಿಟ್ಟು ತುರುಕಿದರು. ಒಂದು ಕೋಳಿ ಕೊಟ್ಟ ಮೇಲೆ ಹೊಲ ಬಿಟ್ಟು ಹೋದ. ಸತ್ತವನ ಹೆಂಡತಿ ಆಗ ನಕ್ಕಳು."

ಚಿಲೋಂಗಾನಿ ಪುಸ್ತಕವನ್ನು ತಿರುವಿ ನೋಡಿದ. "ಹಿಟ್ಟು, ಕೋಳಿ ಇದರಲ್ಲಿ ಎಲ್ಲೂ ಇಲ್ವಲ್ಲ?"

"ನನಗೆ ಜಮೀನಿನ ಜಗಳಕ್ಕೆ ಒಂದು ಉದಾಹರಣೆ ಬೇಕಾಗಿತ್ತು. ನಗು ಅಲ್ಲಿ ಕೂರಲಿಲ್ಲ, ಅದಕ್ಕೆ ಬಿಟ್ಟೆ. ಆ ಪುಟ ತಪ್ಪು."

"ಮೂವತ್ತು ವರ್ಷ ಊರಿಗೆಲ್ಲ ಓದಿಸಿ ಈಗ ತಪ್ಪು ಅಂತೀರಾ?" ಎಂಗಾಯಾ ಎದ್ದು ನಿಂತ.

"ಹೂಂ. ಬರೆದು ಸಹಿ ಹಾಕ್ತೀನಿ. ಪುಸ್ತಕ ಅಚ್ಚು ಹಾಕಿದೋರಿಗೂ ಬರೀತೀನಿ."

ನ್ಯೇಮೊ ಸೆರಗು ಕೊಡವಿ ಎದ್ದಳು. "ಲೋ ನಾಯಿ ತಿನ್ನೋನೇ, ನಿಮ್ಮಾವ ಕೋಳಿ ತಿಂದು ಹೊಲ ಬಿಟ್ಟ. ನಿನಗೂ ಒಂದು ಬೇಕಾ? ಬಾ, ಕೊಡ್ತೀನಿ."

"ಭಿಕ್ಷೆ ಎತ್ತೋಳ ಮನೇಲಿ ಕೋಳಿ ಎಲ್ಲಿಂದ ಬರ್ಬೇಕು? ಅದೂ ಕದ್ದಿದ್ದೇ ಇರ್ಬೇಕು!"

ಹುಟ್ಟಿದಾಗಿನಿಂದ ಗೊಗೊ ಜನರನ್ನು ಭಿಕ್ಷುಕರೆಂದು ಗೇಲಿ ಮಾಡಿ, ಅವರಿಂದ ನಾಯಿ ತಿನ್ನೋರು ಅನ್ನಿಸಿಕೊಂಡು ಪಳಗಿದ ನಾಲಿಗೆ. ಎಂಗಾಯಾ ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು. ಮರದ ಕೆಳಗಿನವರೆಲ್ಲ ಹೋ ಎಂದು ನಕ್ಕರು. ಅವನು ಬಾಯಿ ಮುಚ್ಚಿಕೊಂಡ, ಆದರೆ ತಡವಾಗಿತ್ತು.

"ಕದ್ದಿದ್ದು ಅಂತ ಈಗ ನೀನೂ ಅಂದೆಯಲ್ಲಪ್ಪಾ," ಎಂದ ಚಿಲೋಂಗಾನಿ. "ಇದನ್ನೂ ಸಾಕ್ಷಿ ಅಂತ ಬರ್ಕೊಂಡು, ನಾಳೆ ಇವಳ ಕೋಳಿಗೆ ಕೇಸು ಹಾಕೋಣ್ವಾ?"

ಎಂಗಾಯಾ ನೆಲ ನೋಡಿದ. ತಲೆ ಎತ್ತಿ, "ಹುಂಜ ಆದ್ರೆ ಮಾತ್ರ ತಗೋತೀನಿ," ಎಂದ.

ಅಧ್ಯಕ್ಷ ಹಕ್ಕುಪತ್ರದಲ್ಲಿ ನ್ಯೇಮೊಳ ಹೆಸರು ಬರೆದ. ಐಕಾಂಡೆ ತಮ್ಮ ಹೇಳಿಕೆ ಬರೆದು ಸಹಿ ಹಾಕಿದರು. ಕಾಗದ ಕೊಡುವ ಮೊದಲು ಇನ್ನೊಮ್ಮೆ ಓದಿ, ಸಹಿಯ ಮೇಲಿದ್ದ ಇಕ್ಕಟ್ಟಾದ ಜಾಗದಲ್ಲಿ, ಸಭೆಯವರು ನಕ್ಕರು ಎಂಬುದನ್ನೂ ಸೇರಿಸಿದರು.