ಹೆಸರುಂಟು, ಅಳತೆಯುಂಟು, ಒಳಗೆ ಸೊನ್ನೆ

೧
ಕಡತದಿಂದ ಶುರುಮಾಡಲೇ, ಕೊರಳಿನಿಂದಲೇ? ಮೊದಲ ಡ್ರಾಫ್ಟಿನಲ್ಲಿ ಸರ್ವರಿನ ‘ಜರ್ನಲ್’ ಎಂದರೇನೆಂದು ಎರಡು ಪುಟ ಕೊರೆದಿದ್ದೆ. ಪೂಂಗೊಡಿ ಓದಿ ಆಕಳಿಸಿದಳು. ನಾನು ಗುಮಾಸ್ತನಾಗಿರುವ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಸರ್ವರ್‌ಗಳನ್ನು ಸಾಕುವವಳು ಅವಳು. ಈ ಕಥೆಯ ನಾಯಕಿಯೂ ಅವಳೇ.

“ಡಿಸ್ಕು ಏನು ಮಾಡೋಕೆ ಹೊರಟಿದೀನಿ ಅಂತ ಮೊದಲು ಡೈರೀಲಿ ಬರ್ಕೊಳ್ಳುತ್ತೆ ಸಾರ್, ಆಮೇಲೆ ಮಾಡುತ್ತೆ. ಕರೆಂಟ್ ಹೋದ್ರೆ ಡೈರಿ ನೋಡ್ಕೊಂಡು ಎದ್ದು ಕೂರುತ್ತೆ. ಅಷ್ಟೇ!”

(ಎರಡು ಪುಟ ಹರಿದೆ. ಚೆನ್ನಾಗಿದ್ದವು, ನಷ್ಟ ನಿಮಗೇ.)

೨
ವೇಗ ಬೇಕಾದರೆ ಡೈರಿಯಲ್ಲಿ ಕಡತದ ಹೆಸರು, ಅಳತೆ ಮಾತ್ರ ಬರೆಸಬಹುದು. ಒಳಗಿನದನ್ನು ಡಿಸ್ಕು ಪುರುಸೊತ್ತಾದಾಗ ಬರೆದುಕೊಳ್ಳುತ್ತದೆ. ಸ್ಕ್ಯಾನ್ ಸೇವ್ ಆಗಲು ತಡವೆಂದು ಡಾಕ್ಟರುಗಳು ಗೊಣಗಿದ್ದಕ್ಕೆ ಪೂಂಗೊಡಿ ಹಾಗೇ ಮಾಡಿದ್ದಳು. ಎಲ್ಲರೂ ಹೊಗಳಿದರು.

೩
ಆಯುಧಪೂಜೆಯ ಬೆಳಿಗ್ಗೆ ನಾಚಮ್ಮಾಳ್ ತನ್ನ ದನಿ ರೆಕಾರ್ಡ್ ಮಾಡಿಸಿದಳು. ಸಿಂಗಾನಲ್ಲೂರಿನಲ್ಲಿ ಮೆಸ್ ನಡೆಸುವಾಕೆ, ಗಂಟಲಿನ ಕ್ಯಾನ್ಸರ್. ಮರುದಿನ ಹನ್ನೊಂದಕ್ಕೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಅವಳು ಫೋನಿನಲ್ಲಿ ಟೈಪ್ ಮಾಡಿದ್ದನ್ನು ಅವಳದೇ ದನಿಯಲ್ಲಿ ಹೇಳಿಸಲು ಈ ಕಡತ ಬೇಕು.

ಅದು ಸರ್ವರಿಗೆ ಬಂದು ಅರೆನಿಮಿಷವೂ ಆಗಿರಲಿಲ್ಲ. ಎಲೆಕ್ಟ್ರೀಷಿಯನ್ ಮರುದಾಚಲಂ ಸರ್ವರಿನ ಪೆಟ್ಟಿಗೆಗೆ ಗಂಧ, ಕುಂಕುಮ ಹಚ್ಚಿ, ಕೈಮುಗಿದು, ಸ್ವಿಚ್ಚು ಆರಿಸಿಬಿಟ್ಟ.

“ಲೇತ್ ಮೆಷಿನ್ನಿಗೂ ಇವತ್ತು ರೆಸ್ಟು ಅಮ್ಮಣಿ. ಇದೇನು ಪಾಪ ಮಾಡಿದೆ?” ಎಂದ ಪೂಂಗೊಡಿಗೆ.

ಸರ್ವರ್ ಮತ್ತೆ ಎದ್ದಿತು, ಡೈರಿ ಓದಿತು, ಎಲ್ಲ ಸರಿಯಿದೆ ಎಂದಿತು. ಮರುದಿನ ಒಂಬತ್ತಕ್ಕೆ ಪೂಂಗೊಡಿ ಕಡತ ತೆರೆದಳು. ಹೆಸರು ಸರಿ, ಅಳತೆ ಸರಿ. ಒಳಗೆ ಬರೀ ಸೊನ್ನೆಗಳು. ಕಡತ ಸರ್ವರಿಗೆ ತಲುಪಿತೆಂದು ರೆಕಾರ್ಡರು ತನ್ನ ಪ್ರತಿಯನ್ನು ಆಗಲೇ ಅಳಿಸಿತ್ತು.

೪
ಡ್ರಾಫ್ಟಿನಲ್ಲಿ ಇಲ್ಲಿ ಪೂಂಗೊಡಿ ಅಳುವಂತೆ ಬರೆದಿದ್ದೆ.

“ನಾನೆಲ್ಲಿ ಅತ್ತೆ ಸಾರ್? ವಾರ್ಡಿಗೆ ಓಡಿದೆ.”

ಸರಿ, ಓಡಿದಳು.

“ಅಮ್ಮಾ, ತಪ್ಪು ನಂದು. ಬೇಗ ಆಗ್ಲಿ ಅಂತ ಆಸೆಪಟ್ಟೆ. ನಿಮ್ಮ ದನಿ ಹೋಯ್ತು.”

ನಾಚಮ್ಮಾಳ್ ಅವಳನ್ನೇ ನೋಡಿದಳು. “ಡಾಕ್ಟ್ರಿಗಿಂತ ಮುಂಚೆ ನೀನೇ ತೆಗೆದುಬಿಟ್ಟೆಯಾ ಅಮ್ಮಣಿ?”

ಮೂಲೆಯಲ್ಲಿ ಗಂಡ ಚಿನ್ನಸಾಮಿ ಬಿಕ್ಕಿದ. ನಾಚಮ್ಮಾಳ್ ಅತ್ತ ತಿರುಗಿದಳು. “ನೀವ್ಯಾಕೆ ಅಳೋದು? ಮೆಸ್ಸಲ್ಲಿ ಯಾರಿದಾರೆ? ಚಟ್ನಿಗೆ ನೀರು ಸುರೀಬೇಡಿ ಅಂತ ಮೂವತ್ತು ವರ್ಷದಿಂದ ಬಡ್ಕೊಂಡೆ, ಕಿವಿಗೆ ಹಾಕ್ಕೊಂಡ್ರಾ? ನಾಳೆಯಿಂದ ಯಾರು ಹೇಳ್ತಾರೆ?”

ಪೂಂಗೊಡಿ ಜೊತೆಗೆ ತಂದಿದ್ದ ರೆಕಾರ್ಡರನ್ನು ಸದ್ದಿಲ್ಲದೆ ಒತ್ತಿದ್ದಳು. ನಿನ್ನೆ ನಾಚಮ್ಮಾಳ್ ಆಸ್ಪತ್ರೆಯ ಹಾಳೆಯಲ್ಲಿದ್ದ ವಾಕ್ಯಗಳನ್ನು ತಡವರಿಸುತ್ತ ಓದಿದ್ದಳಷ್ಟೆ.

“ನಿನ್ನೆದು ಇವಳ ದನಿಯೇ ಅಲ್ಲಮ್ಮಣಿ,” ಎಂದ ಚಿನ್ನಸಾಮಿ. “ಇದು. ಇದೇ.”

ಅಷ್ಟರಲ್ಲಿ ಡಾಕ್ಟರ ಫೋನು: ಸ್ಕ್ಯಾನ್ ಯಾಕೆ ನಿಧಾನ? ವಾರ್ಡಿಗೆ ಓಡುವ ಮೊದಲೇ ಪೂಂಗೊಡಿ ಸರ್ವರಿನ ಸೆಟ್ಟಿಂಗ್ ಬದಲಿಸಿದ್ದಳು. ಈಗ ಒಳಗಿನದೂ ಡೈರಿಗೆ ಹೋಗಿ ಆಮೇಲೆ ಡಿಸ್ಕಿಗೆ ಹೋಗುತ್ತಿತ್ತು, ಎಲ್ಲವೂ ಎರಡೆರಡು ಸಲ.

“ಕಾಯಿರಿ ಡಾಕ್ಟ್ರೇ,” ಎಂದಳು ಪೂಂಗೊಡಿ. ಅವಳ ಮೇಲೆ ನನಗೆ ಪ್ರೀತಿ ಉಕ್ಕಿದ್ದು ಆಗಲೇ.

೫
ಮೊದಲ ಅಂತ್ಯ: ಮರುದಾಚಲಂಗೆ ನೋಟಿಸ್. ಪೂಂಗೊಡಿ ಜಗಳಕ್ಕೇ ಬಂದಳು, ಕೈಬಿಟ್ಟೆ. ಎರಡನೆಯದು: ಆಪರೇಷನ್ ಸುಸೂತ್ರ, ಎಲ್ಲರೂ ನಕ್ಕರು. ತೀರಾ ಸಿನಿಮಾ. ಮೂರನೆಯದಕ್ಕೆ ಕೈ ಏಳುತ್ತಿಲ್ಲ.

ಹಾಗಾಗಿ ಗಡಿಯಾರವನ್ನು ಹತ್ತೂ ಐವತ್ತಕ್ಕೆ ನಿಲ್ಲಿಸಿದ್ದೇನೆ. ನಾಚಮ್ಮಾಳ್ ಮಲಗಿರುವ ಸ್ಟ್ರೆಚರ್ ಆಪರೇಷನ್ ಥಿಯೇಟರಿನ ಬಾಗಿಲಲ್ಲಿದೆ. ಚಿನ್ನಸಾಮಿ ಅವಳ ಕೈಹಿಡಿದು, “ಇನ್ನೂ ಸ್ವಲ್ಪ ಬೈಯಿ,” ಎನ್ನುತ್ತಿದ್ದಾನೆ. ಅವಳು ಬೈಯುತ್ತಿದ್ದಾಳೆ. ನಾನು ಮುಂದಿನ ಸಾಲು ಬರೆದರೆ ಅವಳು ನಿಲ್ಲಿಸಬೇಕಾಗುತ್ತದೆ.