ಕಂಪೋಜಿಟರನ ತಿದ್ದುಪಡಿ

“ಇನ್ನೊಂದ ಸುತ್ತ ಬಿಗಿ ಮಾಡೋ, ಜಾರಾಕತ್ತೇತಿ,” ಎನ್ನುತ್ತ ಸಿದ್ದರಾಮ ತಂದೆಯ ಹಣೆಯ ಮೇಲೆ ರುಮಾಲಿನ ಅಂಚನ್ನು ಒತ್ತಿ ಹಿಡಿದಿದ್ದ. ಬಾಜೂ ಮನೆಯ ಯಲ್ಲೇಶ ಹಿಂದೆ ನಿಂತು ಅರಿವೆ ಎಳೆದು ಸುತ್ತಿದ. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಮಲಕಪ್ಪನ ತಲೆ ಎಡಕ್ಕೆ ವಾಲಿತು. ದೇವಕ್ಕ ಕೈ ಚಾಚಿ ನೆಟ್ಟಗೆ ಮಾಡಿದಳು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ಗಂಡನ ತಲೆ ಮುಟ್ಟಿದ್ದು ಅವನಿಗೆ ಜ್ವರ ಬಂದಾಗ ಮಾತ್ರ.

ನಸುಕಿನಲ್ಲಿ ಎದ್ದು ನೀರು ಕುಡಿದು ಮತ್ತೆ ಮಲಗಿದವನು ಏಳಲಿಲ್ಲ. ಎಪ್ಪತ್ನಾಲ್ಕು ವಯಸ್ಸು, ನೋವಿಲ್ಲ, ನರಳಿಕೆಯಿಲ್ಲ. ಪುಣ್ಯದ ಸಾವು ಎಂದು ಶಲವಡಿಯ ಓಣಿ ಮಂದಿ ಹೇಳಿದರು. ಅವರಲ್ಲಿ ತೀರಿಕೊಂಡವರನ್ನು ಕೂರಿಸಿಕೊಂಡೇ ಒಯ್ಯುವುದು. ಅಂಗಳದಲ್ಲಿ ಬಾಳೆಕಂಬ ಕಟ್ಟಿ, ಕೂರಿಸಿ ಹೊರುವ ವಿಮಾನ ಸಿದ್ಧಮಾಡುತ್ತಿದ್ದರು. ಮಗಳು ಸೀಮಾ ಕಲಘಟಗಿಯಿಂದ ಬರಬೇಕಾಗಿತ್ತು. ಅವಳು ಬಂದ ಮೇಲೆಯೇ ಎತ್ತುವುದು.

“ಮಲಕಪ್ಪಣ್ಣಾರ ಮನಿ ಇದ ಏನ್ರಿ?”

ಬಾಗಿಲಲ್ಲಿ ಮೂವರು ನಿಂತಿದ್ದರು. ಮುಂದೆ ಬಿಳಿ ಗಡ್ಡದ ಹಿರಿಯ, ಹಿಂದೆ ಒಬ್ಬ ಹೆಣ್ಣುಮಗಳು, ಅವಳ ಹಿಂದೆ ಮೂವತ್ತರ ಆಸುಪಾಸಿನ ಒಬ್ಬ ಗಂಡಸು. ಹಿರಿಯ ಚಪ್ಪಲಿ ಬಿಟ್ಟು, ಬಿಸಿಲಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಉಳಿದವರ ಚಪ್ಪಲಿಗಳನ್ನೂ ಕಾಲಿನಿಂದ ನೆರಳಿಗೆ ಸರಿಸಿ ಒಳಗೆ ಬಂದ. ಅದನ್ನು ದೇವಕ್ಕ ಒಬ್ಬಳೇ ನೋಡಿದಳು.

“ನಾ ಬಾಬಾಸಾಬ ಅಂತರಿ, ಅಣ್ಣಿಗೇರಿ. ಬಸ್ ಡ್ರೈವರ್ ಇದ್ದೆ, ಈಗ ರಿಟೈರ್. ಈಕಿ ಮಂಜುಳಾ, ಸಂಶಿ ಸಾಲ್ಯಾಗ ಟೀಚರು. ಇಂವಾ ಅಕೀಲ್, ನವಲಗುಂದದಾಂವ. ಮುಂಜಾನೆ ಅಣ್ಣಾರ ಮೊಬೈಲಿನಿಂದ ಸುದ್ದಿ ಬಂತು. ಹಂಗs ಎದ್ದು ಬಂದ್ವಿ.”

ಸುದ್ದಿ ಹಾಕಿದವನು ಸಿದ್ದರಾಮನೇ. ಅಪ್ಪನ ಮೊಬೈಲಿನಲ್ಲಿ ಕಂಡ ನಂಬರಿಗೆಲ್ಲ ಕಳಿಸಿದ್ದ. “ನಮ್ಮಪ್ಪಗ ನೀವು ಹೆಂಗ ಪರಿಚಯ್ರಿ?” ಎಂದು ಕೇಳಿದ.

“ಮುಖಾ ನೋಡಿದ್ದು ಇವತ್ತs ಮೊದಲನೇ ಸಲ,” ಎಂದಳು ಮಂಜುಳಾ. ಗೋಡೆಗೊರಗಿ ಕೂತವನನ್ನು ದಿಟ್ಟಿಸುತ್ತ ಅವಳ ದನಿ ತಗ್ಗಿತು. “ನಾವು ಬ್ಲಾಗ್ ಬರೀತೀವ್ರಿ. ಕಾಕಾರು ಓದಿ, ಛಲೋ ಯಾವುದು, ಕೆಟ್ಟದ್ದು ಯಾವುದು ಅಂತ ಬರದು ಕಳಸ್ತಿದ್ರು.”

“ಬ್ಲಾಗ್ ಅಂದ್ರ?” ಯಲ್ಲೇಶ ಕೇಳಿದ.

“ಮೊಬೈಲಿನಾಗ ಬರಿಯೂ ಡೈರಿ ಅಂತ ತಿಳಕೋರಿ. ಯಾರ ಬೇಕಾದ್ರೂ ಓದಬಹುದು.”

“ಮಂದಿ ಎಲ್ಲಾ ಓದು ಡೈರಿ ಯಾಂವ ಬರೀತಾನ್ರಿ! ನಾ ಬರದ್ರ ನನ್ನ ಹೇಣ್ತಿ ತವರಮನಿಗೆ ಹೊಕ್ಕಾಳ.”

ಸಾವಿನ ಮನೆಯಲ್ಲಿ ನಗಬಾರದೆಂದು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಬಾಬಾಸಾಬ ನಕ್ಕೇ ಬಿಟ್ಟ.

“ನನಗ ಅಣ್ಣಾರು ಏನ ಬರದಿದ್ರು ಗೊತ್ತೇನ್ರಿ? ನಾ ಒಂದು ಕತಿ ಬರೀಬೇಕಂದ್ರ ಡಿಪೋದ ಗೇಟಿನಿಂದ ಚಾಲೂ ಮಾಡತಿದ್ದೆ. ಗಾಲಿ ನೋಡಿದ್ದು, ಡಿಸೇಲ್ ಹಾಕಿಸಿದ್ದು, ಕಂಡಕ್ಟರ್ ಎಲಿ ಅಡಿಕಿ ಹಾಕಿದ್ದು. ಅದಕ್ಕ ಅವರು, ‘ಬಾಬಾಸಾಬರ, ಗಾಡಿ ಯಾವಾಗ ಬಿಡತೀರಿ? ನಾವು ಹತ್ತಿ ಕೂತು ಭಾಳ ಹೊತ್ತಾತು’ ಅಂದ್ರು!”

ಪಡಸಾಲೆಯೆಲ್ಲ ನಕ್ಕಿತು. ದೇವಕ್ಕ ನಗಲಿಲ್ಲ.

ಅದು ಆಕೆ ಆಡಿದ ಮಾತು.

*

ನವಲಗುಂದದ ಒಂದು ಸಣ್ಣ ಪ್ರೆಸ್ಸಿನಲ್ಲಿ ಮಲಕಪ್ಪ ಕಂಪೋಜಿಟರ್ ಆಗಿದ್ದ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವ ಕೆಲಸ. ಲಗ್ನಪತ್ರಿಕೆ, ಜಾಹೀರಾತು, ಪಂಚಾಯಿತಿಯ ಪಾವತಿ ಪುಸ್ತಕ. ಪ್ರೆಸ್ಸು ಮುಚ್ಚಿಹೋಗಿ ಮನೆಯಲ್ಲಿ ಕೂತ ಮೇಲೂ ಕಣ್ಣು ಸುಮ್ಮನಿರಲಿಲ್ಲ. ಅರಿಸಿನಪುಡಿ ಪಾಕೀಟಿನ ಮೇಲಿನ ಅಕ್ಷರಕ್ಕೂ ಪೆನ್ಸಿಲು ಆಡಿಸುತ್ತಿದ್ದ. ಸಾಲು ಒತ್ತೊತ್ತಾಗಿದ್ದರೆ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಅವನ ಕಾಟ ತಾಳದೆ ಸಿದ್ದರಾಮ ಒಂದು ಮೊಬೈಲು ತಂದುಕೊಟ್ಟ. ಯಾರದೋ ಬ್ಲಾಗು ಕಂಡಿತು. ಓದಿದ, ಬರೆದವರಿಗೆ ನಾಲ್ಕು ಸಾಲು ತಿದ್ದಿ ಕಳಿಸಿದ. ಅವರು ಸಿಟ್ಟಾಗಲಿಲ್ಲ, ಉಪಕಾರವಾಯಿತು ಎಂದು ಬರೆದರು. ಆಮೇಲೆ ತಾನೇ ಒಂದು ಬ್ಲಾಗು ತೆರೆದ. ‘ನಿಮ್ಮ ಬರಹ ಕಳಿಸಿರಿ, ಓದಿ ಹೇಳುತ್ತೇನೆ.’ ಹಾಗೆ ಎಂಟು ವರ್ಷ.

ದಿನಾ ಇಳಿಹೊತ್ತಿನ ಚಹಾ ಆದ ಮೇಲೆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವನು. ದೇವಕ್ಕ ಎದುರಿಗೆ ಮೊರದಲ್ಲಿ ಜೋಳ ಹಸನುಮಾಡುತ್ತ ಕೇಳುವಳು. ಏಳನೆಯ ಇಯತ್ತೆ ಓದಿದವಳಾದರೂ ಮೊಬೈಲಿನ ಸಣ್ಣ ಅಕ್ಷರ ಆಕೆಯ ಕಣ್ಣಿಗೆ ಹತ್ತುತ್ತಿರಲಿಲ್ಲ. ಮಲಕಪ್ಪ ಓದುತ್ತ ಆಗಾಗ ತಲೆಯೆತ್ತಿ ಅವಳ ಕೈ ನೋಡುವನು. ಮೊರದೊಳಗೆ ಬೆರಳು ನಿಂತರೆ ಆ ಸಾಲು ಗೆದ್ದಿತು. ಬೆರಳು ಸರಸರ ಓಡಿದರೆ, “ಯಾಕ, ರುಚಿ ಹತ್ತಲಿಲ್ಲೇನು?” ಎಂದು ಕೇಳುವನು. ಆಕೆ ತೋಚಿದ್ದು ಹೇಳುವಳು. ಅವನು “ಹೂಂ” ಎಂದು ಮೊಬೈಲು ಒತ್ತುತ್ತ ಕೂಡುವನು. ಆ “ಹೂಂ”ದ ಮುಂದೆ ಏನಾಗುತ್ತದೆಂದು ಆಕೆ ಎಂದೂ ಕೇಳಿರಲಿಲ್ಲ.

*

ದೇವಕ್ಕ ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದಳು. ನೆರೆಯ ಶಮೀಮಾಬಿ ತನ್ನ ಮನೆಯಿಂದ ಚಹಾ ಕಾಸಿ ತಂದು, ಕೇಳದೆಯೇ ಲೋಟಗಳಿಗೆ ಬಗ್ಗಿಸುತ್ತಿದ್ದಳು. ಹೊರಗೆ ಮಾತು ಮುಂದುವರಿದಿತ್ತು.

“ನನ್ನ ಬ್ಲಾಗಿಗೆ ಕೆಂಪು ಬಣ್ಣ ಬಡದಿದ್ದೆ,” ಅಕೀಲ್ ಹೇಳುತ್ತಿದ್ದ. “ಮ್ಯಾಲೆ ಹಳದಿ ಅಕ್ಷರ, ಉದುರು ಹೂವು, ತಗದ ಕೂಡ್ಲೆ ಹಾಡು. ಕಾಕಾರು ಬರದ್ರು: ‘ತಮ್ಮಾ, ನಿಮ್ಮವ್ವ ಜಮಖಾನ ನೇಯುವಾಗ ನವಿಲಿನ ಸುತ್ತ ಜಾಗ ಬಿಡತಾಳ. ನೀ ಯಾಕ ಬಿಟ್ಟಿಲ್ಲ?’ ನಾ ಅವ್ವನ ಮಗ್ಗದ ಮುಂದ ಒಂದು ತಾಸು ಕೂತು ನೋಡಿದೆ. ಹುಟ್ಟಿದಾಗಿಂದ ಮನ್ಯಾಗ ಇತ್ತು, ಅವತ್ತs ನೋಡಿದ್ದು.”

ಇದು ಅವರದೇ ಮಾತು ಎಂದುಕೊಂಡಳು ದೇವಕ್ಕ. ಬಣ್ಣ, ಅಕ್ಷರ, ಜಾಗ ಅವರ ಬಾಬತ್ತು.

“ನಾ ಸಾಲಿ ಬಿಟ್ಟ ಒಂದು ಹುಡುಗಿ ಬಗ್ಗೆ ಬರದಿದ್ದೆ,” ಮಂಜುಳಾಳ ದನಿ. “ಅದಕ್ಕ, ‘ಮೋಡದ ಬಣ್ಣ ಒಂದು ಪುಟ ಬರದೀರಿ, ಆ ಕೂಸಿನ ಹೆಸರು ಬರೀಲಿಲ್ಲ’ ಅಂದ್ರು. ನಾಚಿಕಿ ಆತು. ಮತ್ತೊಮ್ಮೆ ಬರಿಯೂಣು ಅಂತ ಅವರ ಮನಿಗೆ ಹೋದೆ. ಹೋಗಿ ಮಾತಾಡಿದ್ದಕ್ಕ ಅವರಪ್ಪ ಹುಡುಗೀನ ತಿರುಗಿ ಸಾಲಿಗೆ ಕಳಿಸಿದ. ಈ ವರ್ಷ ಹತ್ತನೇ ಇಯತ್ತೆ.”

“ಭಾಳ ಶಾಣ್ಯಾ ಇದ್ರಲೇ ಕಾಕಾ!” ಯಲ್ಲೇಶ ಬೆರಗಾದ. “ನಮಗ ಗೊತ್ತs ಇರಲಿಲ್ಲ.”

ಕೂಸಿನ ಹೆಸರಿನ ಆ ಮಾತೂ ದೇವಕ್ಕನದೇ. ಆವತ್ತು ಜೋಳದಲ್ಲಿ ಹರಳು ಬಹಳ ಇದ್ದವು, ಅದೂ ನೆನಪಿದೆ. ಒಂದು ಕೂಸು ಸಾಲೆಗೆ ಮರಳಿತ್ತು. ಅದನ್ನು ಕೇಳಿ ಎದೆ ತುಂಬಿತು. ಅದರೊಳಗೇ ಒಂದು ಸಣ್ಣ ಮುಳ್ಳೂ ಆಡಿತು. ಎಂಟು ವರ್ಷ ತನ್ನ ಮಾತು ಊರೂರು ಹೋಗಿವೆ, ಗಂಡನ ಹೆಸರು ಹೊತ್ತುಕೊಂಡು ಹೋಗಿವೆ. ಅವನು ಆ ಮಾತು ತನ್ನವೇ ಎಂದುಕೊಂಡಿದ್ದನೇ? ತನ್ನ ಲೆಕ್ಕದಲ್ಲಿ ಹೆಂಡತಿಯನ್ನು ಹಿಡಿದಿದ್ದನೇ, ಇಲ್ಲವೇ? ಕೇಳೋಣವೆಂದರೆ ಗೋಡೆಗೆ ಆನಿ ಕೂತಿದ್ದಾನೆ, ಬಾಯಿ ಬಿಡುವುದಿಲ್ಲ. ಇವತ್ತು ಕೇಳದಿದ್ದರೆ ಈ ಮುಳ್ಳು ತನ್ನ ಜೊತೆಗೇ ಮಣ್ಣಿಗೆ ಹೋಗುವುದು.

ಹೊರಗೆ ಬಂದು ಮಂಜುಳಾಳ ಎದುರು ಕೂತಳು.

“ತಂಗೀ, ಒಂದು ಮಾತು ಕೇಳ್ತೀನಿ. ಆ ಗಾಡಿ ಬಿಡೂ ಮಾತು, ಆ ಕೂಸಿನ ಹೆಸರಿನ ಮಾತು… ಅವನ್ನ ಯಾರು ಹೇಳಿದ್ರಂತ ಬರದಾರವಾ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

“ಅಮ್ಮಾರ, ನಿಮಗ ಗೊತ್ತಿಲ್ರೀ?” ಎಂದಳು ಮಂಜುಳಾ. “ಕಾಕಾರು ಹೇಳs ಇಲ್ಲೇನು? ಇಷ್ಟೊತ್ತಿಗೆ ಹೇಳಿರತಾರ ಅಂತ ತಿಳದಿದ್ವಿ.”

ಅಕೀಲ್ ಮೊಬೈಲು ತೆಗೆದು ಹುಡುಕಿ ಮಂಜುಳಾಳ ಕೈಗೆ ಕೊಟ್ಟ. “ಮೂರು ವರ್ಷದ ಹಿಂದಿಂದು. ನೀವs ಓದ್ರಿ ಟೀಚರ.”

ಮಂಜುಳಾ ಓದಿದಳು.

“ತಿದ್ದುಪಡಿ. ಐದು ವರ್ಷಗಳಿಂದ ಇಲ್ಲಿ ಪ್ರಕಟವಾದ ಅಭಿಪ್ರಾಯಗಳಲ್ಲಿ ಒಂದು ದೊಡ್ಡ ತಪ್ಪು ಉಳಿದಿದೆ. ಅಕ್ಷರ, ಬಣ್ಣ, ಅಂಚು, ಜಾಗ, ಇವುಗಳ ಬಗ್ಗೆ ಹೇಳಿದವನು ನಾನು. ಬರವಣಿಗೆಯ ಬಗ್ಗೆ ಹೇಳಿದ್ದೆಲ್ಲ ನನ್ನ ಹೆಂಡತಿ ದೇವಕ್ಕ. ನಾನು ಓದುತ್ತೇನೆ, ಆಕೆ ಕೇಳುತ್ತಾಳೆ. ನೀವು ನನ್ನನ್ನು ಹೊಗಳಿದಾಗ ಸುಮ್ಮನಿದ್ದೆ. ಹೆಸರು ಬಿಟ್ಟುಹೋದದ್ದು ಕಂಪೋಜಿಟರನ ತಪ್ಪು. ಇನ್ನು ಮುಂದೆ ಎರಡು ಹೆಸರು ಇರುತ್ತವೆ. ಈ ವಿಷಯ ಆಕೆಗೆ ಇನ್ನೂ ಹೇಳಿಲ್ಲ. ಹೇಳಲು ನಾಚಿಕೆಯಾಗುತ್ತದೆ.”

*

ಮೂರು ವರ್ಷದ ಹಿಂದೆ ಮಲಕಪ್ಪ ಒಮ್ಮೆ ನವಲಗುಂದಕ್ಕೆ ಹೋದವನು ಪಾವು ಕಿಲೋ ಪೇಡೆ ತಂದಿದ್ದ. ಹಬ್ಬವಿಲ್ಲ, ಹುಣ್ಣಿವೆಯಿಲ್ಲ. ಕಾಗದ ಬಿಚ್ಚಿ ಆಕೆಯ ಮುಂದಿಟ್ಟು ಕೂತ. “ಒಂದು ಮಾತು,” ಎಂದ. ದೇವಕ್ಕ ಮುಖ ನೋಡಿದಳು. ಅವನು ಒಂದು ಪೇಡೆಯನ್ನು ಎರಡು ಹೋಳು ಮಾಡಿದ, ದೊಡ್ಡ ಹೋಳನ್ನು ಈಚೆಗೆ ಸರಿಸಿದ. ಗಂಟಲು ಸರಿಮಾಡಿಕೊಂಡ.

“ಏನ್ರಿ?”

“ಏನಿಲ್ಲ. ಇವತ್ತ ಚಹಾ ಅಗದಿ ಛಲೋ ಆಗಿತ್ತು.”

“ಇವತ್ತ ನಾ ಚಹಾನ ಮಾಡಿಲ್ಲ. ನೀವು ಮುಂಜಾನೆ ಎದ್ದು ಹೋದವರು ಈಗ ಬಂದೀರಿ.”

“ಹಂಗಾರ ನಿನ್ನೀದು,” ಎಂದು ಎದ್ದು ಹೊರಗೆ ಹೋಗಿದ್ದ.

*

ದೇವಕ್ಕ ಗಂಡನ ಮುಖ ನೋಡಿದಳು.

“ನಾಚಿಕಿ ಅಂತ!” ಎಂದಳು. “ನಲವತ್ತೆಂಟು ವರ್ಷ ಆದಮ್ಯಾಲೆ ನಾಚಿಕಿ!” ನಗುವೇ ಬಂದದ್ದು, ಅದರ ಬೆನ್ನಿಗೆ ಅಳು ಬಂತು. ಮುಂಜಾನೆಯಿಂದ ಅಳದವಳು ಈಗ ಅತ್ತಳು. ಶಮೀಮಾಬಿ ಕೆಟಲು ಕೆಳಗಿಟ್ಟು ಬಂದು ಬೆನ್ನಿನ ಮೇಲೆ ಕೈಯಿಟ್ಟಳು.

ಅಳು ಇಳಿದ ಮೇಲೆ ಮಂಜುಳಾ ಮೆಲ್ಲಗೆ ಕೇಳಿದಳು. “ಅಮ್ಮಾರ, ಕಾಕಾರ ಬ್ಲಾಗಿನಾಗ ಇವತ್ತ ಸುದ್ದಿ ಹಾಕಬೇಕು. ಓದಾವರು ಭಾಳ ಮಂದಿ ಅದಾರ. ಅಕೀಲಗ ಕಾಕಾರs ಪಾಸ್‌ವರ್ಡ್ ಕೊಟ್ಟಿದ್ರು. ಬಸ್ಸಿನಾಗ ಕೂತು ನಾ ಹಾಳಿ ಮ್ಯಾಲೆ ಒಂದೀಟು ಬರದೀನಿ. ನಿಮಗ ಓದಿ ಹೇಳಲ್ರೀ?”

“ಓದವಾ.”

“ಬ್ಲಾಗ್ ಲೋಕದ ಧ್ರುವತಾರೆಯೊಂದು ಇಂದು ಕಣ್ಮರೆಯಾಯಿತು. ಮಲಕಪ್ಪನವರ ಅಗಲಿಕೆ ತುಂಬಲಾರದ…”

“ನಿಲ್ಲಸು.” ದೇವಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಧ್ರುವತಾರಿ ಯಾರವಾ? ಇವರು ಎಂಟಕ್ಕ ಉಂಡು ಒಂಬತ್ತಕ್ಕ ಮಲಗಾವರು. ಒಂದು ಚಿಕ್ಕಿ ನೋಡಿದ್ದನ್ನ ನಾ ಕಂಡಿಲ್ಲ.”

ಬಾಬಾಸಾಬ ಗಡ್ಡದೊಳಗೇ ನಕ್ಕ. “ಹಾಕಿದ್ರು ನೋಡು ಬ್ರೇಕ್!”

ಮಂಜುಳಾ ನಾಚಿ, ಚೀಲದಿಂದ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದಳು. “ಹಂಗಾರ ಏನ ಬರಿಲ್ರಿ?”

ದೇವಕ್ಕ ಅವಳ ಹತ್ತಿರ ಸರಿದು ಕೂತಳು.

“ಲಗ್ನಪತ್ರಿಕಿದು ಬರಿ. ಮೊದಲ ಎಲ್ಲಾರೂ ವರನ ಹೆಸರು ದೊಡ್ಡ ಮೊಳ್ಯಾಗ ಹಾಕಸ್ತಿದ್ರು, ಕನ್ಯಾದ ಹೆಸರು ಸಣ್ಣದ್ರಾಗ. ಇವರು ಯಾರನ್ನೂ ಕೇಳದs ಎರಡೂ ಒಂದs ಅಳತಿ ಜೋಡಸ್ತಿದ್ರು. ಬೀಗರು ಜಗಳಾ ತಗದ್ರ, ‘ಸಣ್ಣ ಮೊಳಿ ಮುಗದಾವ್ರಿ, ಏನ್ಮಾಡೂದು’ ಅಂತಿದ್ರು. ಮೂವತ್ತು ವರ್ಷ ಮುಗದs ಇದ್ದು ಆ ಮೊಳಿ.”

ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ, “ನನ್ನ ಮಗಳ ಪತ್ರಿಕಿ ಹಂಗs ಇತ್ತು. ನಾ ತಪ್ಪಿ ಆಗೇತಿ ಅಂದಿದ್ನಿ,” ಎಂದಳು.

ಮಂಜುಳಾ ಬರೆದು, ತಿರುಗಿ ಓದಿದಳು. ಎರಡು ಕಡೆ ದೇವಕ್ಕ ತಡೆದಳು. ‘ಮಹನೀಯರು’ ಹೋಯಿತು, ‘ಅಜರಾಮರ’ ಹೋಯಿತು. ನಸುಕಿನಲ್ಲಿ ನೀರು ಕುಡಿದದ್ದು ಉಳಿಯಿತು. ಅಂಥ ಲಗ್ನಪತ್ರಿಕೆ ಜೋಡಿಸಿದವನೇ ಐದು ವರ್ಷ ಹೆಂಡತಿಯ ಹೆಸರು ಬಿಟ್ಟದ್ದನ್ನೂ ದೇವಕ್ಕ ಬಿಡಗೊಡಲಿಲ್ಲ. “ಅದೂ ಇರಲಿ,” ಎಂದಳು. “ತಿದ್ದಿಕೊಂಡದ್ದೂ ಇರಲಿ.”

ಅಕೀಲ್ ಅಳುಕುತ್ತ ತನ್ನ ಮೊಬೈಲು ತೋರಿಸಿದ. ಕರಿ ಬಣ್ಣದ ಪುಟ, ಉರಿಯುವ ದೀಪ, ಸುತ್ತ ಮಾಲೆ. “ಹಿಂಗ ಮಾಡೀನ್ರಿ.”

“ಅದು ಅವರ ಬಾಬತ್ತು ತಮ್ಮಾ, ನಾ ಏನ ಹೇಳ್ಲಿ,” ಎಂದ ದೇವಕ್ಕ ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ, “ಬಿಳೇದು ಮಾಡು. ಕರೇ ಅಕ್ಷರ. ನಾಕೂ ಕಡೆ ಜಾಗಾ ಬಿಡು,” ಎಂದಳು.

ಅಷ್ಟರಲ್ಲಿ ಸೀಮಾ ಬಂದಳು. ಅಪ್ಪನ ಕಾಲು ಹಿಡಿದು ಅತ್ತಳು. ವಿಧಿ ನಡೆಸಲು ಬಂದಿದ್ದ ಅಯ್ಯನವರು ಎದ್ದು ನಿಂತರು. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ವಿಭೂತಿ ಹಚ್ಚಿದರು. ಕೊನೆಗೆ ದೇವಕ್ಕ ಮೂರು ಬೆರಳು ಅದ್ದಿ ಹಣೆಯ ಉದ್ದಕ್ಕೂ ಎಳೆದಳು. ಅಂಗಳದಲ್ಲಿ ಭಜನೆಯವರು ತಾಳ ತೆಗೆದರು.

ಮಂಜುಳಾ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. “ಎಲ್ಲಾ ಮೊಬೈಲಿನಾಗ ಹಾಕಿದ್ದಾತ್ರಿ ಅಮ್ಮಾರ. ಕೆಳಗ ಬರದಾವರ ಹೆಸರು ಬೇಕು. ನಿಮ್ಮ ಹೆಸರು ನಾ ಹಾಕಲ್ರೀ?”

“ಕೊಡು ಇಲ್ಲೆ.”

ದೇವಕ್ಕ ಮೊಬೈಲನ್ನು ಎಡಗೈಯಲ್ಲಿ ಹಿಡಿದು ಕಣ್ಣಿನಿಂದ ದೂರ ಮಾಡಿದಳು. ಅಕೀಲ್ ಅಕ್ಷರ ದೊಡ್ಡದು ಮಾಡಿಕೊಟ್ಟ. ಆಕೆಯ ಬೆರಳು ಗಾಜಿನ ಮೇಲೆ ತಡಕಾಡಿತು.

“ಯವ್ವಾ, ಹೊತ್ತಾತು, ಎತ್ತೂಣು,” ಎಂದ ಸಿದ್ದರಾಮ.

“ತಡಿಯೋ.”

ಭಜನೆಯವನ ತಾಳ ಬಡಿಯದೆ ಗಾಳಿಯಲ್ಲಿ ನಿಂತಿತು. ವಿಮಾನದ ಬಳಿ ಹೆಗಲು ಕೊಡಲು ನಿಂತ ನಾಲ್ವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತ ಕಾದರು. ದೇವಕ್ಕನಿಗೆ ‘ದ’ ಸಿಕ್ಕಿತು. ಒತ್ತಿದಳು. ಗಾಜಿನ ಮೇಲೆ ವಿಭೂತಿಯ ಬೆಳ್ಳನೆಯ ಒಂದು ಬೆರಳಚ್ಚು ಮೂಡಿತು. ಅದರ ಬಾಜೂಕ್ಕೆ ಇನ್ನೊಂದು.